ಥರ್ಮಾಕೋಲ್ ಗ್ಲೈಡರ್ ಮೂರು ಸಲ ಮುರಿಯಿತು, ಗಟ್ಟಿಯಾಗಿ ಕಟ್ಟುವುದು ಹೇಗೆ?

ಉಣಕಲ್ ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿ ಉಣಕಲ್ಲಿನವನು. ಡಿಪ್ಲೊಮಾ ಎರಡನೇ ವರ್ಷ, ಮೆಕ್ಯಾನಿಕಲ್. ದೀಪಾವಳಿ ರಜೆಯಲ್ಲಿ ಒಂದು ರೇಡಿಯೋ ಗ್ಲೈಡರ್ ಕಟ್ಟಿದೆ, ಅಂದರೆ ರಿಮೋಟಿನಿಂದ ಹಾರಿಸುವ, ಮೋಟಾರು ನಿಲ್ಲಿಸಿದರೂ ತೇಲುವ ಪುಟ್ಟ ವಿಮಾನ. ರೆಕ್ಕೆ ತುದಿಯಿಂದ ತುದಿಗೆ ಒಂದೂವರೆ ಮೀಟರ್, ಅಗಲ 20 ಸೆಂ.ಮೀ. ಎಲ್ಲಾ ಥರ್ಮಾಕೋಲೇ. ಸ್ವಲ್ಪ ಟಿವಿ ಡಬ್ಬಿಯಲ್ಲಿ ಬಂದದ್ದು, ಸ್ವಲ್ಪ ಸ್ಟೇಷನರಿ ಅಂಗಡಿಯಿಂದ ತಂದ ಹಾಳೆ. ಮೂಗಿನಲ್ಲಿ 2212 ಮೋಟಾರು, 30 ಆಂಪಿಯರ್ ಇಎಸ್‌ಸಿ (ಮೋಟಾರಿನ ವೇಗ ಹೆಚ್ಚು ಕಡಿಮೆ ಮಾಡುವ ಸರ್ಕ್ಯೂಟು), 3 ಸೆಲ್ಲಿನ 1300 ಎಂಎಎಚ್ ಲಿಪೊ ಬ್ಯಾಟರಿ. ಬಾಲದಲ್ಲಿ ಮೂಗು ಏರಿಸಿ ಇಳಿಸುವ ಎಲಿವೇಟರ್, ಎಡ ಬಲ ತಿರುಗಿಸುವ ರಡ್ಡರ್, ಅವನ್ನು ಆಡಿಸಲು ಎರಡು ಎಸ್‌ಜಿ90 ಸರ್ವೋ. ರಿಮೋಟು ಫ್ಲೈಸ್ಕೈ ಐ6, ಸೀನಿಯರ್ ಒಬ್ಬರ ಹತ್ತಿರ ಹಳೆಯದು ತಗೊಂಡೆ.

ಅಣ್ಣಿಗೇರಿಯಲ್ಲಿ ನಮ್ಮ ಚಿಕ್ಕಮ್ಮನ ಹೊಲ ಇದೆ. ಅಲ್ಲಿ ಹಾರಿಸಿದೆ. ಮೊದಲನೇ ಸಲ ಹತ್ತು ಹನ್ನೆರಡು ಸೆಕೆಂಡು ಹಾರಿತು. ಆಮೇಲೆ ಮೂಗು ಕೆಳಗಾಗಿ ಬಿತ್ತು. ಮೂಗು ಪುಡಿ. ಫೆವಿಕ್ವಿಕ್ ಹಾಕಿದರೆ ಥರ್ಮಾಕೋಲೇ ಕರಗಿ ತೂತು ಬಿತ್ತು. ಫೆವಿಕಾಲ್ ಹಚ್ಚಿ, ಕಂದು ಟೇಪ್ ಸುತ್ತಿದೆ. ಎರಡನೇ ಸಲ ತಿರುಗಿಸುವಾಗ ರೆಕ್ಕೆ ನಡುವೆ ಮಡಚಿಕೊಂಡಿತು. ಬಿದಿರಿನ ಪಟ್ಟಿ ಹಾಕಿ ಮತ್ತೆ ಟೇಪ್ ಸುತ್ತಿದೆ. ಮೂರನೇ ಸಲ ಎಸೆದ ತಕ್ಷಣ ಮೂಗು ಎತ್ತಿ ನಿಂತುಬಿಟ್ಟಿತು, ಒಂದು ರೆಕ್ಕೆಯ ಮೇಲೆ ಮಗುಚಿತು. ಬಾಲ ಮುರಿಯಿತು. ಅದಕ್ಕೂ ಎರಡು ಸುತ್ತು ಟೇಪ್.

ಮೊದಲು ತೂಕ 620 ಗ್ರಾಂ ಇತ್ತು. ಈಗ 940. ಓಡಿ ಎಸೆದರೂ ಎದ್ದೇಳುತ್ತಿಲ್ಲ.

ಇನ್ನೂ ಗಟ್ಟಿ ಮಾಡಲು ಏನು ಹಾಕಬೇಕು? ತೆಳು ಪ್ಲೈವುಡ್ ಹಾಕಲಾ? ಇನ್ನೊಂದು ಪ್ರಶ್ನೆ. ನೃಪತುಂಗ ಬೆಟ್ಟದ ಮೇಲೆ ಸಂಜೆ ಒಳ್ಳೆ ಗಾಳಿ ಬರುತ್ತದೆ, ನಮ್ಮ ಮನೆಗೂ ಹತ್ತಿರ. ಅಲ್ಲಿ ಹಾರಿಸಬಹುದಾ?

ಗೋಕುಲ ರೋಡ್

ಎರಡನೇ ಪ್ರಶ್ನೆಗೆ ಮೊದಲು ಹೇಳುತ್ತೇನೆ. ನೃಪತುಂಗ ಬೆಟ್ಟದಲ್ಲಿ ಹಾರಿಸಬೇಡಿ.

ನಮ್ಮ ಹುಬ್ಬಳ್ಳಿ ವಿಮಾನ ನಿಲ್ದಾಣ ಇರುವುದು ಗೋಕುಲ ರಸ್ತೆಯಲ್ಲಿ. 2021ರ ಡ್ರೋನ್ ನಿಯಮಗಳ ಪ್ರಕಾರ ವಿಮಾನ ನಿಲ್ದಾಣದ ಗಡಿಯಿಂದ 8 ಕಿ.ಮೀ. ಒಳಗಿನ ಜಾಗ ಹಳದಿ ವಲಯ. ಅಲ್ಲಿ ಏರ್ ಟ್ರಾಫಿಕ್ ಕಂಟ್ರೋಲ್ ಅನುಮತಿ ಇಲ್ಲದೆ ಏನನ್ನೂ ಹಾರಿಸುವಂತಿಲ್ಲ. ಬೆಟ್ಟ ಆ 8 ಕಿ.ಮೀ. ಒಳಗೇ ಬರುತ್ತದೆ. 8ರಿಂದ 12 ಕಿ.ಮೀ. ನಡುವೆ 200 ಅಡಿಯವರೆಗೆ ಹಸಿರು ವಲಯ, ಅಂದರೆ ಆ ಅನುಮತಿ ಬೇಡ. ಅದರಾಚೆ, ಬೇರೆ ನಿರ್ಬಂಧ ಇಲ್ಲದ ಕಡೆ, 400 ಅಡಿ. ಅಂದರೆ ಸುಮಾರು 120 ಮೀಟರ್. ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ಜಾಗ ಒತ್ತಿ ನೋಡಿದರೆ ಬಣ್ಣ ಕಾಣುತ್ತದೆ.

ಮನರಂಜನೆಗೆ, ಕಲಿಯಲಿಕ್ಕೆ ಕಣ್ಣಳತೆಯಲ್ಲಿ ಹಾರಿಸುವ ವಿಮಾನವನ್ನು ನಿಯಮದಲ್ಲಿ ಮಾಡೆಲ್ ಅಂತ ಬೇರೆಯಾಗಿ ಹೇಳಿದ್ದಾರೆ. ಅದಕ್ಕೆ ಟೈಪ್ ಸರ್ಟಿಫಿಕೇಟ್ (ಆ ಮಾದರಿಯ ವಿಮಾನಕ್ಕೆ ಕೊಡುವ ಸರ್ಕಾರಿ ಪ್ರಮಾಣಪತ್ರ) ಬೇಡ. ಆದರೆ ವಲಯದ ನಿಯಮ ಎಲ್ಲರಿಗೂ ಒಂದೇ. ಬೆಟ್ಟದ ಮೇಲೆ ಸಂಜೆ ಎಷ್ಟು ಮಕ್ಕಳು, ಎಷ್ಟು ಹಿರಿಯರು ವಾಕಿಂಗ್ ಬರುತ್ತಾರೆ ಅಂತ ನಿಮಗೂ ಗೊತ್ತು. ತಿರುಗುವ ಪ್ರೊಪೆಲ್ಲರ್ ಇರುವ ವಸ್ತು ಅದು. ಅಣ್ಣಿಗೇರಿಯ ಹೊಲವೇ ಸರಿ.

ಕಟ್ಟುವ ವಿಷಯ ಬೆಟಗೇರಿ ಅಕ್ಕ ಹೇಳಲಿ. ಅವರಷ್ಟು ಫೋಮ್ ಕತ್ತರಿಸಿದವರು ಇಲ್ಲಿ ಯಾರೂ ಇಲ್ಲ.

ಬೆಟಗೇರಿ ಅಕ್ಕ

ತಮ್ಮಾ, ಪ್ಲೈವುಡ್ ಹಾಕಬೇಡ. ಇನ್ನು ಒಂದು ಸುತ್ತು ಟೇಪನ್ನೂ ಹಾಕಬೇಡ. ಆ ರೆಕ್ಕೆ ಪಕ್ಕಕ್ಕಿಡು.

ಒಂದು ಲೆಕ್ಕ ಹೇಳುತ್ತೇನೆ, ನೀನು ಮೆಕ್ಯಾನಿಕಲ್ ಓದುವವನು, ತಪ್ಪಿದ್ದರೆ ಹೇಳು. ನಿನ್ನ ತೂಕ 620ರಿಂದ 940 ಆಯಿತು. ಒಂದೂವರೆ ಪಟ್ಟು. ಗ್ಲೈಡರ್ ಬೀಳದೆ ತೇಲಲು ಬೇಕಾದ ಕಡಿಮೆ ವೇಗ ತೂಕದ ವರ್ಗಮೂಲದ ಲೆಕ್ಕದಲ್ಲಿ ಏರುತ್ತದೆ. ಹಾಗಾಗಿ ನಿನ್ನದು ಈಗ ಮೊದಲಿಗಿಂತ 23 ಪರ್ಸೆಂಟ್ ಜಾಸ್ತಿ ವೇಗದಲ್ಲಿ ಇಳಿಯಬೇಕು. ನೆಲಕ್ಕೆ ಬಡಿಯುವ ಶಕ್ತಿಯಲ್ಲಿ ತೂಕವೂ ಸೇರುತ್ತದೆ, ವೇಗದ ವರ್ಗವೂ ಸೇರುತ್ತದೆ. ಎರಡನ್ನೂ ಗುಣಿಸು. 2.3 ಪಟ್ಟು ಬರುತ್ತದೆ. ನೀನು ಗಟ್ಟಿ ಮಾಡಲು ಹಾಕಿದ ಟೇಪೇ ಏಟನ್ನು ಎರಡು ಪಟ್ಟಿಗಿಂತ ಜಾಸ್ತಿ ಮಾಡಿದೆ. ಥರ್ಮಾಕೋಲ್ ಮಾತ್ರ ಅಷ್ಟೇ ಇದೆ.

ನಾನು ಟೇಲರ್. ಬೆಟಗೇರಿಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ. ಒಂಬತ್ತು ವರ್ಷದ ಹಿಂದೆ ತಮ್ಮ ಪುಣೆಗೆ ಕೆಲಸಕ್ಕೆ ಹೋಗುವಾಗ ಅರ್ಧ ಕಟ್ಟಿದ ಗ್ಲೈಡರ್ ನನ್ನ ಕಟಿಂಗ್ ಟೇಬಲ್ ಕೆಳಗೆ ಬಿಟ್ಟು ಹೋದ. ಅದನ್ನು ಮುಗಿಸಿದೆ. ಅಲ್ಲಿಂದ ಬಿಟ್ಟಿಲ್ಲ. ನನ್ನ ಮೊದಲ ಮೂರೂ ಥರ್ಮಾಕೋಲೇ, ಮೂರೂ ನಿನ್ನ ಹಾಗೇ ಮುರಿದವು. ನಾಲ್ಕನೆಯದು ಇಪಿಪಿ ಫೋಮ್. ಅದು ಆರು ವರ್ಷದಿಂದ ಹಾರುತ್ತಿದೆ. ಎಷ್ಟು ಸಲ ಬಿದ್ದಿದೆ ಅಂತ ಎಣಿಸುವುದು ಬಿಟ್ಟಿದ್ದೇನೆ.

ಇಪಿಪಿ ಅಂದರೆ ಪಾಲಿಪ್ರೊಪಿಲೀನ್ ಕಾಳುಗಳ ಫೋಮ್. ಥರ್ಮಾಕೋಲ್ ಪಾಲಿಸ್ಟೈರೀನ್. ನೋಡಲು ಎರಡೂ ಒಂದೇ, ಬಿಳಿ ಕಾಳು ಕಾಳು. ಕೈಯಲ್ಲಿ ಹಿಡಿದರೆ ವ್ಯತ್ಯಾಸ ತಿಳಿಯುತ್ತದೆ. ಒಂದು ತೆಳು ತುಂಡು ಬಗ್ಗಿಸು. ಥರ್ಮಾಕೋಲ್ ಟಕ್ ಅಂತ ಮುರಿಯುತ್ತದೆ. ಇಪಿಪಿ ಮಡಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ಉಗುರು ಒತ್ತಿದರೆ ಥರ್ಮಾಕೋಲಿನಲ್ಲಿ ಗುಳಿ ಹಾಗೇ ಉಳಿಯುತ್ತದೆ, ಇಪಿಪಿಯಲ್ಲಿ ನಿಧಾನಕ್ಕೆ ಮೇಲೆ ಬರುತ್ತದೆ. ಫೆವಿಕ್ವಿಕ್ ಹನಿ ಇಪಿಪಿಯನ್ನು ಕರಗಿಸುವುದಿಲ್ಲ. ಇಪಿಒ ಅಂತ ಇನ್ನೊಂದಿದೆ, ಅಂಗಡಿಯಲ್ಲಿ ಸಿಗುವ ರೆಡಿ ವಿಮಾನಗಳಲ್ಲಿ ಹೆಚ್ಚಾಗಿ ಅದೇ ಇರುತ್ತದೆ. ಅದು ಇವೆರಡರ ನಡುವೆ. ಇಪಿಪಿಗಿಂತ ಬಿರುಸು, ಥರ್ಮಾಕೋಲಿಗಿಂತ ಬಾಳಿಕೆ. ಇಪಿಒ ಗುಳಿಬಿದ್ದರೆ ಬಿಸಿನೀರು ಹಾಕು, ಕಾಳು ಉಬ್ಬಿ ಗುಳಿ ತುಂಬಿಕೊಳ್ಳುತ್ತದೆ.

ಇಪಿಪಿ ನಮ್ಮ ಕಡೆ ಅಂಗಡಿಯಲ್ಲಿ ಸಿಗುವುದಿಲ್ಲ, ಆನ್‌ಲೈನ್ ಹಾಬಿ ಅಂಗಡಿಯಿಂದ ತರಿಸಬೇಕು. ಒಂದು ಘನ ಮೀಟರಿಗೆ 20 ಕೆ.ಜಿ. ತೂಗುವುದನ್ನು ಕೇಳು. 30ರದ್ದು ಇನ್ನೂ ಗಟ್ಟಿ, ಆದರೆ ನಿನಗೆ ಭಾರ.

ಈಗ ನಿನ್ನದು ಮೂರು ಸಲ ಬಿದ್ದದ್ದು ನೋಡೋಣ. ಮೂರಕ್ಕೂ ಕಾರಣ ಬೇರೆ ಬೇರೆ.

ಮೊದಲನೆಯದರಲ್ಲಿ ಮೂಗು ಪುಡಿಯಾಯಿತು. ಮೋಟಾರು ಮೂಗಿನಲ್ಲಿದೆ. ಅದರ ಹಿಂದೆಯೇ ಬ್ಯಾಟರಿ. ಬಿದ್ದಾಗ ನೆಲ ಮುಂದಿನಿಂದ ಹೊಡೆಯುತ್ತದೆ, ಬ್ಯಾಟರಿ ಹಿಂದಿನಿಂದ ಸುತ್ತಿಗೆಯ ಹಾಗೆ ಹೊಡೆಯುತ್ತದೆ. ನಡುವೆ ಫೋಮ್ ಉಳಿಯುತ್ತದಾ? ಮೋಟಾರನ್ನು ರೆಕ್ಕೆಯ ಹಿಂದೆ, ಮೇಲೆ ಒಂದು ಗೂಟದ ಮೇಲೆ ಕೂರಿಸು. ಪ್ರೊಪೆಲ್ಲರ್ ಹಿಂದಕ್ಕೆ ಮುಖ ಮಾಡಿ ತಳ್ಳಲಿ. ಮೂಗಿನ ತುದಿಯಲ್ಲಿ ನಾಲ್ಕು ಬೆರಳು ಅಗಲ ಬರೀ ಇಪಿಪಿ ಇರಲಿ, ಒಳಗೆ ಏನೂ ಬೇಡ. ಅದರ ಹಿಂದೆ ಬ್ಯಾಟರಿ, ವೆಲ್ಕ್ರೋ ಪಟ್ಟಿಯಿಂದ ಬಿಗಿದು. ಬಿದ್ದರೆ ಆ ನಾಲ್ಕು ಬೆರಳು ಫೋಮ್ ಕುಗ್ಗಿ ಮತ್ತೆ ಎದ್ದೇಳುತ್ತದೆ. ಪ್ರೊಪೆಲ್ಲರೂ ಉಳಿಯುತ್ತದೆ.

ಎರಡನೆಯದು ಸ್ಪಾರ್, ಅಂದರೆ ರೆಕ್ಕೆಯ ಒಳಗಿನ ಬೆನ್ನೆಲುಬು, ಇಲ್ಲದ ರೆಕ್ಕೆ. ಹಾರುವಾಗ ರೆಕ್ಕೆ ಮೇಲಕ್ಕೆ ಬಾಗುತ್ತದೆ. ಕೆಳಗಿನ ಮೈ ಹಿಗ್ಗುತ್ತದೆ, ಮೇಲಿನ ಮೈ ಕುಗ್ಗುತ್ತದೆ. ಟೇಪ್ ಎಳೆತ ತಡೆಯುತ್ತದೆ, ಕುಗ್ಗುವುದನ್ನು ತಡೆಯುವುದಿಲ್ಲ. ಬಟ್ಟೆಯನ್ನು ಎಳೆದರೆ ನಿಲ್ಲುತ್ತದೆ, ತಳ್ಳಿದರೆ ನೆರಿಗೆ ಬೀಳುತ್ತದೆ, ಹಾಗೆ. ಅದಕ್ಕೆ ಒಳಗೆ ಒಂದು ಕೋಲು ಬೇಕು.

ಮೂರನೆಯದು ಸಿಜಿ, ಅಂದರೆ ವಿಮಾನದ ತೂಕ ಸಮ ತೂಗುವ ಜಾಗ. ಮೂಗು ಎತ್ತಿ ನಿಂತಿತು ಅಂದೆಯಲ್ಲ, ಅದು ಬಾಲ ಭಾರ ಇದ್ದಾಗ ಆಗುವುದು. ರೆಕ್ಕೆಗೆ ಹಾಕಿದ ಬಿದಿರು, ಟೇಪ್ ಎಲ್ಲಾ ನಡುವಿನಿಂದ ಹಿಂದಕ್ಕೇ ಸೇರಿತು. ಬಾಲದಲ್ಲಿ ಜಾಸ್ತಿಯಾದ 10 ಗ್ರಾಂ, ಸಿಜಿಯಿಂದ 70 ಸೆಂ.ಮೀ. ಹಿಂದೆ ಇದ್ದರೆ, ಅದನ್ನು ಸರಿ ಮಾಡಲು 30 ಸೆಂ.ಮೀ. ಮುಂದೆ ಮೂಗಿನಲ್ಲಿ 23 ಗ್ರಾಂ ಹಾಕಬೇಕು. ಒಂದು ಹೊಲಿಗೆ ಬಿಚ್ಚಿದ್ದಕ್ಕೆ ಇಡೀ ಬಟ್ಟೆ ಬಿಗಿ ಮಾಡಿದ ಹಾಗೆ. ಬಾಲವನ್ನು ಎಷ್ಟು ಹಗುರ ಮಾಡಲು ಸಾಧ್ಯವೋ ಅಷ್ಟು ಮಾಡು. ನಿನ್ನ ರೆಕ್ಕೆ 20 ಸೆಂ.ಮೀ. ಅಗಲ. ಮುಂದಿನ ಅಂಚಿನಿಂದ 6 ಸೆಂ.ಮೀ. ಹಿಂದೆ ಎರಡೂ ಕಡೆ ಒಂದು ಚುಕ್ಕೆ ಇಡು. ಬ್ಯಾಟರಿ ಹಾಕಿ, ಆ ಚುಕ್ಕೆಯ ಮೇಲೆ ಬೆರಳಿಟ್ಟು ಎತ್ತು. ನೆಟ್ಟಗೆ ನಿಲ್ಲಬೇಕು, ಅಥವಾ ಮೂಗು ಕೂದಲೆಳೆಯಷ್ಟು ಕೆಳಗಿರಬೇಕು. ಪ್ರತಿ ಸಲ ಹಾರಿಸುವ ಮೊದಲು ಇದನ್ನು ನೋಡು. ರಿಪೇರಿ ಆದ ಮೇಲಂತೂ ತಪ್ಪಿಸಬೇಡ.

ಇನ್ನೊಂದು ಮಾತು. ರೆಕ್ಕೆಯನ್ನು ಬಾಡಿಯ ಮೇಲೆ ಅಂಟಿಸಬೇಡ. ಬಾಡಿಯಲ್ಲಿ ಎರಡು ಬಿದಿರು ಕಡ್ಡಿ ಅಡ್ಡ ತೂರಿಸಿ, ರಬ್ಬರ್ ಬ್ಯಾಂಡಿನಿಂದ ಕಟ್ಟು. ರೆಕ್ಕೆಯ ತುದಿ ನೆಲಕ್ಕೆ ತಾಗಿದರೆ ರೆಕ್ಕೆ ಜಾರಿ ಕಳಚಿಕೊಳ್ಳುತ್ತದೆ, ಏಟು ಅಲ್ಲೇ ಮುಗಿಯುತ್ತದೆ. ರಬ್ಬರ್ ಬ್ಯಾಂಡ್ ಬಿಸಿಲಿಗೆ ಬೇಗ ಹಾಳಾಗುತ್ತದೆ, ಸಣ್ಣ ಬಿರುಕು ಕಂಡರೂ ಬದಲಿಸು.

ಉಣಕಲ್ ಹುಡುಗ

ಅಕ್ಕಾ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಲೆಕ್ಕ ನೋಡಿದೆ, ಸರಿ ಇದೆ. ಇಪಿಪಿ ಬ್ಲಾಕ್ ಆರ್ಡರ್ ಮಾಡಿದ್ದೇನೆ.

ಸ್ಪಾರಿಗೆ ಏನು ಹಾಕಲಿ? ಕಾರ್ಬನ್ ತುಟ್ಟಿ. ಮೇದಾರ ಓಣಿಯಲ್ಲಿ ಒಳ್ಳೆ ಬಿದಿರು ಸಿಗುತ್ತದೆ. ಮತ್ತೆ ಬ್ಲಾಕಿನಿಂದ ರೆಕ್ಕೆಯ ಆಕಾರ ಕತ್ತರಿಸುವುದು ಹೇಗೆ? ಥರ್ಮಾಕೋಲನ್ನು ಬ್ಲೇಡಿನಿಂದ ಕೊಯ್ದಿದ್ದೆ, ಅಂಕುಡೊಂಕು ಬಂದಿತ್ತು.

ಬೆಟಗೇರಿ ಅಕ್ಕ

ಬಿದಿರು ಹಾರುತ್ತದೆ ತಮ್ಮಾ, ನಾನೂ ಹಾಕಿದ್ದೆ. ಆದರೆ ಎರಡು ಬಿದಿರು ಒಂದೇ ಹಾಗೆ ಇರುವುದಿಲ್ಲ. ಗಿಣ್ಣು ಇರುವ ಕಡೆ ಒಂದು ಬಿರುಸು, ಇಲ್ಲದ ಕಡೆ ಇನ್ನೊಂದು. ಎಡ ರೆಕ್ಕೆ ಕಡಿಮೆ ಬಾಗಿ ಬಲ ರೆಕ್ಕೆ ಜಾಸ್ತಿ ಬಾಗಿದರೆ ವಿಮಾನ ಒಂದೇ ಕಡೆ ಎಳೆಯುತ್ತದೆ. ದುಡ್ಡು ಕೂಡಿಸಿ ಒಂದೇ ಒಂದು ಕಾರ್ಬನ್ ಟ್ಯೂಬ್ ತಗೋ. ಹೊರಗೆ 6 ಮಿ.ಮೀ., ಒಳಗೆ 4 ಮಿ.ಮೀ., ಉದ್ದ ಒಂದು ಮೀಟರ್. ಸುಮಾರು 25 ಗ್ರಾಂ ಬರುತ್ತದೆ. ಅದನ್ನು ರೆಕ್ಕೆಯ ನಡುಭಾಗಕ್ಕೆ ಹಾಕು, ದಪ್ಪ ಜಾಸ್ತಿ ಇರುವ ಜಾಗದಲ್ಲಿ. ಎರಡೂ ತುದಿಯಲ್ಲಿ 25 ಸೆಂ.ಮೀ. ಬರೀ ಫೋಮ್ ಬಿಡು. ಬೇಕಂತಲೇ ಬಿಡು. ನೆಲಕ್ಕೆ ಮೊದಲು ತಾಗುವುದು ತುದಿ. ಅದು ಬಾಗಲಿ.

ಕಾರ್ಬನ್ ಕೊಯ್ಯುವಾಗ ಮೂಗಿಗೆ ಬಟ್ಟೆ ಕಟ್ಟು, ಒದ್ದೆ ಮಾಡಿ ಕೊಯ್ಯಿ. ಅದರ ಪುಡಿ ಎದೆಗೆ ಒಳ್ಳೆಯದಲ್ಲ, ಸಿಬಿರು ಕೈಗೆ ಹೊಕ್ಕರೆ ತೆಗೆಯುವುದು ಕಷ್ಟ. ಮತ್ತೆ ಕಾರ್ಬನ್ ರೇಡಿಯೋ ಅಲೆ ತಡೆಯುತ್ತದೆ. ರಿಸೀವರಿನ ಆಂಟೆನಾ ತಂತಿ ಟ್ಯೂಬಿನ ಪಕ್ಕ ಮಲಗಿಸಬೇಡ, ದೂರ ಇಡು.

ಈಗ ಟೇಪಿನ ವಿಷಯ. ಟೇಪ್ ಬೇಡ ಅಂದೆ, ಆದರೆ ಪೂರ್ತಿ ಬೇಡ ಅಂತಲ್ಲ. ಎಲ್ಲಿ, ಯಾವ ದಿಕ್ಕಿಗೆ ಅನ್ನುವುದು ಮುಖ್ಯ. ಇದು ನನಗೆ ಹೊಲಿಗೆಯಿಂದ ಗೊತ್ತಾದದ್ದು. ಬಟ್ಟೆಯನ್ನು ನೂಲಿನ ಉದ್ದಕ್ಕೆ ಎಳೆ, ಹಿಗ್ಗುವುದಿಲ್ಲ. ಮೂಲೆಯಿಂದ ಮೂಲೆಗೆ ಎಳೆ, ರಬ್ಬರಿನ ಹಾಗೆ ಹಿಗ್ಗುತ್ತದೆ. ಅದಕ್ಕೇ ಕೊರಳಪಟ್ಟಿಗೆ ಕ್ರಾಸ್ ಪಟ್ಟಿ ಕತ್ತರಿಸುತ್ತೇವೆ, ಸುತ್ತು ಸರಿಯಾಗಿ ಬಾಗಲಿ ಅಂತ. ರೆಕ್ಕೆ ತಿರುಚಿಕೊಳ್ಳುವಾಗ ಎಳೆತ ಬೀಳುವುದು ಆ ಓರೆ ದಿಕ್ಕಿನಲ್ಲೇ. ನಾನು ಮೊದಲು ಉದ್ದಕ್ಕೇ ನಾರಿನ ಟೇಪ್ ಹಾಕುತ್ತಿದ್ದೆ. ರೆಕ್ಕೆ ಬಾಗುವುದು ಕಡಿಮೆಯಾಯಿತು, ತಿರುಚುವುದು ಹಾಗೇ ಇತ್ತು. ವೇಗವಾಗಿ ಹೋದರೆ ತುದಿ ಪಟಪಟ ಬಡಿಯುತ್ತಿತ್ತು. ಒಂದು ದಿನ ಕ್ರಾಸ್ ಪಟ್ಟಿ ಕತ್ತರಿಸುತ್ತಾ ಕುಳಿತಾಗ ಹೊಳೆಯಿತು. ಟೇಪನ್ನು 45 ಡಿಗ್ರಿ ಓರೆಯಾಗಿ, ಗುಣಾಕಾರ ಚಿಹ್ನೆಯ ಹಾಗೆ, ಮೇಲೂ ಕೆಳಗೂ ಹಾಕಿದೆ. ಬಡಿತ ನಿಂತಿತು. ಅದೇ ಟೇಪು, ಅಷ್ಟೇ ತೂಕ.

ಒಳಗೆ ಉದ್ದುದ್ದ ಗಾಜಿನ ನೂಲು ಇರುವ ಪ್ಯಾಕಿಂಗ್ ಟೇಪ್ ಬರುತ್ತದೆ, ಅದನ್ನೇ ತಗೋ. ನಿನ್ನ ಕಂದು ಟೇಪಿನಲ್ಲಿ ನೂಲಿಲ್ಲ. ಮುಂದಿನ ಅಂಚಿಗೆ ಮಾತ್ರ ಒಂದು ಉದ್ದ ಪಟ್ಟಿ ಹಾಕು. ಹೊಟ್ಟೆಯ ಕೆಳಗೂ ಒಂದು ಹಾಕು, ಜೋಳದ ಕೂಳೆ ಚುಚ್ಚಿದರೆ ಇಪಿಪಿಯೂ ತೂತಾಗುತ್ತದೆ. ಅಷ್ಟೇ ಸಾಕು.

ಕತ್ತರಿಸಲು ನೈಕ್ರೋಮ್ ತಂತಿಯ ಬಿಲ್ಲು ಮಾಡು, ಕರೆಂಟು ಹರಿದರೆ ಆ ತಂತಿ ಕಾದು ಫೋಮನ್ನು ಕೊಯ್ಯುತ್ತದೆ. 26 ಗೇಜ್ ತಂತಿ, 12 ವೋಲ್ಟ್ ಬ್ಯಾಟರಿ. ಮನೆಯ ಕರೆಂಟಿಗೆ ಯಾವತ್ತೂ ನೇರವಾಗಿ ಜೋಡಿಸಬೇಡ, ಜೀವಕ್ಕೆ ಅಪಾಯ. ಅಂಗಳದಲ್ಲಿ ಕತ್ತರಿಸು, ಹೊಗೆ ಮೂಗಿಗೆ ಬಾರದೆ ಆಚೆ ಹೋಗುವ ಹಾಗೆ ಗಾಳಿ ಬರುವ ಕಡೆ ನಿಲ್ಲು. ರೆಕ್ಕೆಯ ಅಡ್ಡ ಆಕಾರವನ್ನು ಸನ್‌ಮೈಕಾ ತುಂಡಿನಲ್ಲಿ ಎರಡು ಕೊಯ್ದುಕೋ. ಅಂಚು ಉಜ್ಜಿ ನುಣ್ಣಗೆ ಮಾಡು, ಒಂದು ಗೀರು ಇದ್ದರೂ ತಂತಿ ಅಲ್ಲಿ ನಿಂತು ಫೋಮಿನಲ್ಲಿ ಗುಂಡಿ ಮಾಡುತ್ತದೆ. ಬ್ಲಾಕಿನ ಎರಡೂ ತುದಿಗೆ ಅವನ್ನು ಗುಂಡುಸೂಜಿಯಿಂದ ಚುಚ್ಚಿ ನಿಲ್ಲಿಸು.

ಬಿಲ್ಲು ಎಳೆಯಲು ಇಬ್ಬರು ಬೇಕು. ನಮ್ಮ ಮನೆಯಲ್ಲಿ ಆ ಕಡೆ ನನ್ನ ನೆಗೆಣ್ಣಿ, ಈ ಕಡೆ ನಾನು. ಎರಡೂ ಸನ್‌ಮೈಕಾದ ಮೇಲೆ ಒಂದರಿಂದ ಹತ್ತು ಗೆರೆ ಹಾಕಿರುತ್ತೇವೆ. ಅವಳು ಒಂದು ಅನ್ನುತ್ತಾಳೆ, ಇಬ್ಬರೂ ಒಂದರ ಮೇಲೆ. ಎರಡು ಅನ್ನುತ್ತಾಳೆ, ಎರಡರ ಮೇಲೆ. ರೆಕ್ಕೆಯ ಬುಡ ಅಗಲ, ತುದಿ ಕಿರಿದು ಇದ್ದರೆ ತುದಿಯಲ್ಲಿ ಇರುವವರು ನಿಧಾನ ಹೋಗಬೇಕು. ಎಣಿಸಿದರೆ ತಾನಾಗಿ ಸರಿಹೋಗುತ್ತದೆ. ಅವಸರ ಮಾಡಿದರೆ ತಂತಿ ನಡುವೆ ಹಿಂದೆ ಉಳಿದು ಬಾಗುತ್ತದೆ, ರೆಕ್ಕೆಯ ನಡುವೆ ಹೊಟ್ಟೆ ಬರುತ್ತದೆ. ಥರ್ಮಾಕೋಲಿಗಿಂತ ಇಪಿಪಿಗೆ ಬಿಸಿ ಸ್ವಲ್ಪ ಜಾಸ್ತಿ ಬೇಕು. ಮೊದಲು ತುಂಡಿನ ಮೇಲೆ ನೋಡಿಕೋ.

ಅಂಟಿಗೆ ಹಾಟ್ ಗ್ಲೂ. ಹಚ್ಚುವ ಮೊದಲು ಒರಟು ಪಾಲಿಶ್ ಕಾಗದದಿಂದ ಉಜ್ಜು, ಇಲ್ಲದಿದ್ದರೆ ಇಪಿಪಿಯಿಂದ ಅಂಟು ಎದ್ದು ಬರುತ್ತದೆ. ಬಿಳಿ ಫೆವಿಕಾಲ್ ಎರಡು ಫೋಮಿನ ನಡುವೆ ಗಾಳಿ ಸಿಗದೆ ದಿನಗಟ್ಟಲೆ ಒಣಗುವುದಿಲ್ಲ. ನಿನ್ನ ಮೂಗು ಎರಡನೇ ಸಲ ಬಿಟ್ಟುಕೊಂಡಿದ್ದರೆ ಅದಕ್ಕೇ ಇರಬೇಕು.

ರಾಣೆಬೆನ್ನೂರು ಹೊಲ

ಅಕ್ಕಾರು ಕಟ್ಟುವುದನ್ನೆಲ್ಲಾ ಹೇಳಿದ್ದಾರೆ. ನಾನು ಹಾರಿಸುವ ವಿಷಯ ಎರಡು ಮಾತು ಸೇರಿಸುತ್ತೇನೆ ತಮ್ಮಾ. ನಾನು ಗೋವಿನಜೋಳ ಬೆಳೆಯುವವನು. ಕಟಾವು ಆದ ಮೇಲೆ ಹೊಲದಲ್ಲೇ ಹಾರಿಸುತ್ತೇನೆ.

ಮೋಟಾರು ಚಾಲೂ ಮಾಡಿ ಹಾರಿಸುವ ಮೊದಲು ಸುಮ್ನೆ ಕೈಯಿಂದ ಎಸೆದು ನೋಡು. ಗಾಳಿಗೆ ಎದುರು, ಭುಜದ ಎತ್ತರದಿಂದ, ನೆಲಕ್ಕೆ ಸಮವಾಗಿ. ಮೇಲಕ್ಕೆ ಎಸೆಯಬೇಡ, ಬಾಣ ಬಿಟ್ಟ ಹಾಗೆ ನೇರ ಬಿಡು. ಹದಿನೈದು ಇಪ್ಪತ್ತು ಮೀಟರ್ ನೆಟ್ಟಗೆ ಹೋಗಿ ಹೊಟ್ಟೆಯ ಮೇಲೆ ಕುಳಿತರೆ ಸರಿ. ಮೂಗು ಎತ್ತಿ ಕುಕ್ಕಿದರೆ ಬ್ಯಾಟರಿ ಒಂದು ಬೆರಳು ಮುಂದೆ ಸರಿಸು. ಎಲಿವೇಟರ್ ಮೇಲೆ ಕೆಳಗೆ 8ರಿಂದ 10 ಮಿ.ಮೀ. ಮಾತ್ರ ಆಡಲಿ. ಹೊಸಬರು ಬೀಳಿಸುವುದು ಕಡಿಮೆ ಆಡಿಸಿ ಅಲ್ಲ, ಜಾಸ್ತಿ ಆಡಿಸಿ. ರಿಮೋಟಿನ ಸಿಗ್ನಲ್ ತಪ್ಪಿದರೆ ಮೋಟಾರು ನಿಲ್ಲುವ ಹಾಗೆ ಫೇಲ್‌ಸೇಫ್ ಇಡು. ಇಟ್ಟ ಮೇಲೆ ಪ್ರೊಪೆಲ್ಲರ್ ಬಿಚ್ಚಿ, ರಿಮೋಟು ಆಫ್ ಮಾಡಿ, ನಿಜಕ್ಕೂ ನಿಲ್ಲುತ್ತದಾ ಅಂತ ನೋಡು.

ಅಣ್ಣಿಗೇರಿಯದು ಎರೆ ಭೂಮಿ. ಅದು ನಿನ್ನ ಪುಣ್ಯ. ಫೆಬ್ರವರಿಯಲ್ಲಿ ಕಡಲೆ ಕಿತ್ತ ಮೇಲೆ ಕಪ್ಪು ಮಣ್ಣು ಬಿಸಿಲಿಗೆ ಬರಿಮೈ ಆಗುತ್ತದೆ. ಕಪ್ಪಾದ್ದರಿಂದ ಬೇಗ ಕಾಯುತ್ತದೆ. ಕಾದ ಗಾಳಿ ಮೇಲೇಳುತ್ತದೆ, ಅದೇ ಥರ್ಮಲ್. ಪಕ್ಕದಲ್ಲಿ ಹಸಿರು ಪೈರು ಇದ್ದು ಈ ಕಡೆ ರಂಟೆ ಹೊಡೆದ ಹೊಲ ಇದ್ದರೆ, ಹೊಲದ ಮೇಲೇ ಹುಡುಕು. ಹದ್ದು ರೆಕ್ಕೆ ಬಡಿಯದೆ ಸುತ್ತು ಹಾಕುತ್ತಿದ್ದರೆ ಅಲ್ಲಿಗೆ ಹೋಗಿ, ಅದು ಸುತ್ತುವ ಕಡೆಗೇ ಸುತ್ತು. ಅದಕ್ಕೆ ತೀರಾ ಹತ್ತಿರ ಹೋಗಬೇಡ. ನನ್ನ ಗ್ಲೈಡರನ್ನು ಒಮ್ಮೆ ಉಗುರಿನಿಂದ ಗೀರಿತ್ತು. ಬೆಳಿಗ್ಗೆ ಎಂಟರೊಳಗೆ ಗಾಳಿ ಶಾಂತ, ಕಲಿಯಲು ಆ ಹೊತ್ತು ಒಳ್ಳೆಯದು. ಹನ್ನೊಂದರ ಮೇಲೆ ಥರ್ಮಲ್ ಶುರು. ಆಷಾಢದ ಗಾಳಿ ಗಾಳಿಪಟಕ್ಕೆ ಸರಿ, ನಿನಗೆ ಈಗಲೇ ಬೇಡ.

ಕುಸುಬೆ ಹೊಲದಲ್ಲಿ ಮಾತ್ರ ಇಳಿಸಬೇಡ. ಮುಳ್ಳು ಫೋಮಿಗೂ ಚುಚ್ಚುತ್ತದೆ, ತರಲು ಹೋದ ನಿನಗೂ ಚುಚ್ಚುತ್ತದೆ. ಬೇರೆಯವರ ಪೈರಿನಲ್ಲಿ ಬಿದ್ದರೆ ಕೇಳಿ ಒಳಗೆ ಹೋಗು. ಕರೆಂಟಿನ ತಂತಿಗೆ ಸಿಕ್ಕಿಕೊಂಡರೆ ಕೋಲು ಹಾಕಿ ಎಳೆಯಬೇಡ, ಹೆಸ್ಕಾಂಗೆ ಫೋನ್ ಮಾಡು. ಗ್ಲೈಡರ್ ಇನ್ನೊಂದು ಕಟ್ಟಬಹುದು.

ಲಿಪೊ ಬ್ಯಾಟರಿ ತುಂಬಿದಾಗ ಸೆಲ್ಲಿಗೆ 4.2 ವೋಲ್ಟ್. 3.5ಕ್ಕೆ ಬಂದರೆ ಇಳಿಸು. ವಾರಗಟ್ಟಲೆ ಇಡುವುದಾದರೆ 3.8ರಲ್ಲಿ ಇಡು. ಉಬ್ಬಿದ ಬ್ಯಾಟರಿ ಬಳಸಬೇಡ. ಚಾರ್ಜಿಗೆ ಹಾಕಿ ಮನೆ ಬಿಟ್ಟು ಹೋಗಬೇಡ.

ಬೆಟಗೇರಿ ಅಕ್ಕ

ಬಿಸಿಲಿನ ಮಾತು ಬಂತು, ಅದಕ್ಕೆ ಒಂದು ಸೇರಿಸುತ್ತೇನೆ. ತಗಡಿನ ಶೆಡ್ಡಿನಲ್ಲಿ ಇಡಬೇಡ. ಏಪ್ರಿಲ್‌ನಲ್ಲಿ ನಮ್ಮ ಅಂಗಡಿಯ ತಗಡಿನ ಕೆಳಗೆ ಗೋಡೆಗೆ ಒರಗಿಸಿಟ್ಟ ರೆಕ್ಕೆ ಮೂರೇ ದಿನದಲ್ಲಿ ಬಿಲ್ಲಿನ ಹಾಗೆ ಬಾಗಿತ್ತು. ಮಲಗಿಸಿ ಇಡು, ನೆರಳಲ್ಲಿ ಇಡು. ಮೇಲಿನ ಮೈ ಬಿಳಿ ಬಿಡು, ಕೆಳಗಿನ ಮೈಗೆ ಮಾತ್ರ ಕಪ್ಪು ಅಥವಾ ಕೆಂಪು ಟೇಪಿನ ದೊಡ್ಡ ಪಟ್ಟೆ ಹಾಕು. ನೂರು ಮೀಟರ್ ಮೇಲೆ ಹೋದಾಗ ವಿಮಾನ ನಿನ್ನ ಕಡೆ ಬರುತ್ತಿದೆಯೋ, ಹೋಗುತ್ತಿದೆಯೋ ಅಂತ ತಿಳಿಯುವುದು ಆ ಪಟ್ಟೆಯಿಂದಲೇ.

ಉಣಕಲ್ ಹುಡುಗ

ಅಕ್ಕಾ, ಅಣ್ಣಾ, ಫೆಬ್ರವರಿ ಬಂತು. ಹೇಳಲು ತಡವಾಯಿತು, ಪರೀಕ್ಷೆ ಇತ್ತು.

ಕಟ್ಟಿದೆ. ತಂತಿಯ ಬಿಲ್ಲಿನ ಆ ಕಡೆ ಅಮ್ಮ ಹಿಡಿದರು. ಮೊದಲ ರೆಕ್ಕೆಯಲ್ಲಿ ಹೊಟ್ಟೆ ಬಂತು. ಎರಡನೆಯದಕ್ಕೆ ಅಮ್ಮ ಜೋರಾಗಿ ಎಣಿಸಿದರು, ನುಣ್ಣಗೆ ಬಂತು. ಬ್ಯಾಟರಿ ಸೇರಿ ತೂಕ 705 ಗ್ರಾಂ. ರೆಕ್ಕೆ ಒಂದೇ ತುಂಡು, ಗದಗ ಕಡೆಯ ರೈಲಿನಲ್ಲಿ ಮೇಲಿನ ಲಗೇಜ್ ಹಲಗೆಯ ಮೇಲೆ ಚಾದರ ಸುತ್ತಿ ಇಟ್ಟು ಅಣ್ಣಿಗೇರಿಗೆ ತಂದೆ.

ಕೈಯಿಂದ ಎಸೆದಾಗ ಮೊದಲು ಮೂಗು ಎತ್ತಿತು. ಬ್ಯಾಟರಿ ಮುಂದೆ ಸರಿಸಿದೆ. ಮೂರನೇ ಎಸೆತಕ್ಕೆ ಚಿಕ್ಕಮ್ಮನ ಬದುವಿನ ತನಕ ನೆಟ್ಟಗೆ ಹೋಯಿತು. 22 ಹೆಜ್ಜೆ. ಆಮೇಲೆ ಮೋಟಾರು. ಒಟ್ಟು ಏಳು ಸಲ ಹಾರಿಸಿದೆ. ಎರಡು ಸಲ ಕೆಟ್ಟದಾಗಿ ಬಿತ್ತು. ಒಮ್ಮೆ ಮೂಗಿನ ಮೇಲೆ ನೇರವಾಗಿ ಬಿತ್ತು. ಓಡಿ ಹೋದೆ. ರೆಕ್ಕೆ ಕಳಚಿ ಎರಡು ಮಾರು ಆಚೆ ಬಿದ್ದಿತ್ತು. ಮೂಗು ಒಂದು ಇಂಚು ಕುಗ್ಗಿತ್ತು. ರಬ್ಬರ್ ಬ್ಯಾಂಡ್ ಮತ್ತೆ ಕಟ್ಟುವಷ್ಟರಲ್ಲಿ ಮೂಗು ಮುಕ್ಕಾಲು ಎದ್ದಿತ್ತು. ಅಲ್ಲೇ ಮತ್ತೆ ಹಾರಿಸಿದೆ. ಮನೆಗೆ ಬಂದು ತೂಗಿದರೆ ಅದೇ 705.

ಕೊನೆಯ ಸಲ ಹನ್ನೊಂದೂವರೆಗೆ ಮೋಟಾರು ನಿಲ್ಲಿಸಿದ ಮೇಲೂ ನಾಲ್ಕು ನಿಮಿಷ ಇಳಿಯಲಿಲ್ಲ. ಕಡಲೆ ಕಿತ್ತ ಹೊಲದ ಮೇಲೆ ಸುತ್ತುತ್ತಲೇ ಇತ್ತು. ಚಿಕ್ಕಮ್ಮ ರೊಟ್ಟಿ ಬುತ್ತಿ ಬಿಚ್ಚಿದವರು ಹಾಗೇ ನೋಡುತ್ತಾ ನಿಂತರು.

ಒಂದೇ ತೊಂದರೆ ಉಳಿದಿದೆ. ಮೋಟಾರು ಪೂರ್ತಿ ಕೊಟ್ಟರೆ ಮೂಗು ಕೆಳಗೆ ಹೋಗುತ್ತದೆ. ನಿಲ್ಲಿಸಿದರೆ ಸರಿಹೋಗುತ್ತದೆ. ಸಿಜಿ 6 ಸೆಂ.ಮೀ.ಗೇ ಇದೆ, ನೋಡಿದೆ.

ಬೆಟಗೇರಿ ಅಕ್ಕ

ನಾಲ್ಕು ನಿಮಿಷ! ನನಗೆ ಮೊದಲ ಥರ್ಮಲ್ ಸಿಗಲು ಎರಡು ವರ್ಷ ಬೇಕಾಯಿತು ತಮ್ಮಾ. ಓದಿ ನೆಗೆಣ್ಣಿಗೂ ಹೇಳಿದೆ, ನಿಮ್ಮ ಅಮ್ಮ ಎಣಿಸಿದ್ದು ಕೇಳಿ ಅವಳಿಗೆ ಬಹಳ ಖುಷಿಯಾಯಿತು.

ಸಿಜಿ ಮುಟ್ಟಬೇಡ, ಅದು ಸರಿ ಇದೆ. ಮೋಟಾರು ಮೇಲಿದೆ, ವಿಮಾನದ ಭಾರ ಕೆಳಗಿದೆ. ಮೇಲಿನಿಂದ ತಳ್ಳಿದರೆ ಮೂಗು ಬಾಗಲೇಬೇಕು. ಎತ್ತರದ ಕಪಾಟನ್ನು ಮೇಲೆ ಕೈಯಿಟ್ಟು ತಳ್ಳಿದರೆ ಮುಂದಕ್ಕೆ ವಾಲುತ್ತದಲ್ಲ, ಹಾಗೆ. ಮೋಟಾರನ್ನು ಸ್ವಲ್ಪ ಓರೆ ಮಾಡು. ಪ್ರೊಪೆಲ್ಲರ್ ಇರುವ ಹಿಂದಿನ ತುದಿ ಸ್ವಲ್ಪ ಮೇಲೆ, ಮುಂದಿನ ತುದಿ ಸ್ವಲ್ಪ ಕೆಳಗೆ. ಆಗ ತಳ್ಳುವ ಗೆರೆ ಸಿಜಿಯ ಹತ್ತಿರ ಹಾದುಹೋಗುತ್ತದೆ. ಮೌಂಟಿನ ಸ್ಕ್ರೂ ಕೆಳಗೆ ತೆಳು ವಾಷರ್ ಒಂದೊಂದಾಗಿ ಹಾಕು, ಪ್ರತಿ ಸಲ ಹಾರಿಸಿ ನೋಡು. ನನ್ನದಕ್ಕೆ ಎರಡು ಸಾಕಾಯಿತು. ಓರೆ ಮಾಡಿದ ಮೇಲೆ ಪ್ರೊಪೆಲ್ಲರ್ ಬಾಡಿಯನ್ನು ತಾಗುವುದಿಲ್ಲ ಅಂತ ಕೈಯಿಂದ ತಿರುಗಿಸಿ ನೋಡಿಕೋ. ಇನ್ನೂ ಚೂರು ಉಳಿದರೆ ರಿಮೋಟಿನಲ್ಲಿ ಮಿಕ್ಸ್ ಇದೆ, ಮೋಟಾರು ಕೊಟ್ಟಾಗ ಎಲಿವೇಟರ್ ಸ್ವಲ್ಪ ಮೇಲೆ ಬರುವ ಹಾಗೆ ಇಡು.

ಮೇ ಮುಗಿಯುವುದರೊಳಗೆ ಒಂದು ಭಾನುವಾರ ಅದೇ ರೈಲಿನಲ್ಲಿ ಗದಗ ತನಕ ಬಾ. ಅಮ್ಮನನ್ನೂ ಕರೆದುಕೊಂಡು ಬಾ. ಜೂನಿನಲ್ಲಿ ಹೆಸರು ಬಿತ್ತುತ್ತಾರೆ, ಆಮೇಲೆ ಇಳಿಸಲು ಹೊಲ ಸಿಗುವುದಿಲ್ಲ.